ಕೆಟ್ಟ ಹಳೆಯ ಲೇಸರ್‌ಗೆ ಮತ್ತೆ ಜೀವ ಬರುತ್ತದೆಯೇ?
ಕಾಲೇಜು ಲ್ಯಾಬ್‌ನಲ್ಲಿ ಕೆಟ್ಟು ಕೂತ ಹಳೆಯ ಹೀಲಿಯಂ-ನಿಯಾನ್ ಲೇಸರ್ ಗುಜರಿಗೇ ಸರಿ ಅನ್ನುತ್ತಾರೆ. ಇದು ಪೂರ್ತಿ ನಿಜವಲ್ಲ.

1960ರಲ್ಲಿ ಅಮೆರಿಕದ ಬೆಲ್ ಲ್ಯಾಬ್ಸ್‌ನಲ್ಲಿ ಹುಟ್ಟಿದ ಲೇಸರ್ ಇದು. ಇದರ ಟ್ಯೂಬಿನೊಳಗಿನ ಹೀಲಿಯಂ ಪರಮಾಣು ತೀರಾ ಚಿಕ್ಕದು. ವರ್ಷಗಳು ಕಳೆದಂತೆ ಗಾಜು, ಅಂಟಿನ ಮೂಲಕ ಹೊರಗೆ ನುಸುಳುತ್ತದೆ. ಹವ್ಯಾಸಿಗಳು ಅದೇ ದಾರಿಯಲ್ಲಿ ಅದನ್ನು ವಾಪಸ್ ಕಳಿಸುತ್ತಾರೆ: ಟ್ಯೂಬನ್ನು ಹೀಲಿಯಂ ತುಂಬಿದ ಚೀಲದಲ್ಲಿ ದಿನಗಟ್ಟಲೆ ಇಡುತ್ತಾರೆ. ಆದರೆ ಒಳಗಿನ ಕನ್ನಡಿಯಂಥ ಲೇಪ ಹಾಲಿನಂತೆ ಬೆಳ್ಳಗಾಗಿದ್ದರೆ ಗಾಳಿ ಹೊಕ್ಕಿದೆ ಎಂದರ್ಥ. ಆಗ ಬದುಕುವುದು ಕಷ್ಟ.

ನಾವು ಹೇಳುವುದಿಷ್ಟೇ: ವಿಡಿಯೋ ನೋಡಿ ಮನೆಯಲ್ಲಿ ಬಿಚ್ಚಬೇಡಿ. ಇದನ್ನು ಹೊತ್ತಿಸಲು ಸಾವಿರಾರು ವೋಲ್ಟ್ ಬೇಕು. ಪ್ಲಗ್ ಕಿತ್ತ ಮೇಲೂ ಶಾಕ್ ಹೊಡೆಯಬಹುದು. ಕಿರಣವನ್ನು ನೇರ ನೋಡಲೇಬೇಡಿ. ರಾಮನಗರದವರಾದರೆ ದಾಂಡೇಲಿ, ಹಳಿಯಾಳದ ಕಾಲೇಜಿನ ಭೌತಶಾಸ್ತ್ರ ಉಪನ್ಯಾಸಕರನ್ನು ಮೊದಲು ಕೇಳಿ.