ಆರ್ಡರಿನ ಬಾಕಿಯನ್ನು ಗಣಕಯಂತ್ರವು ಎಣಿಸುವ ಬಗೆ

ಹುಬ್ಬಳ್ಳಿಯ ಗೋಕುಲ ರಸ್ತೆಯ ಕೈಗಾರಿಕಾ ಪ್ರದೇಶದಲ್ಲಿ ಬೆಂಚುಗಳನ್ನೂ ಉಕ್ಕಿನ ಬೀರುಗಳನ್ನೂ ತಯಾರಿಸುವ ಸಣ್ಣ ಕಾರ್ಖಾನೆಯೊಂದು ಇದೆಯೆಂದು ಭಾವಿಸೋಣ. ಗದಗಿನ ಒಂದು ಕಾಲೇಜು ಅದಕ್ಕೆ 100 ಬೆಂಚು, 10 ಬೀರುಗಳ ಆರ್ಡರು ಕೊಡುತ್ತದೆ. ಬೆಂಚಿನ ಬೆಲೆ 2,000 ರೂಪಾಯಿ, ಬೀರುವಿನದು 10,000 ರೂಪಾಯಿ. ತೆರಿಗೆಯನ್ನು ಸದ್ಯಕ್ಕೆ ಬದಿಗಿಟ್ಟರೆ ಒಟ್ಟು 3,00,000 ರೂಪಾಯಿಯ ವ್ಯಾಪಾರ. ಇಷ್ಟೂ ಸರಕು ಒಂದೇ ದಿನ, ಒಂದೇ ಲಾರಿಯಲ್ಲಿ, ಒಂದೇ ಬಿಲ್ಲಿನೊಡನೆ ಹೋಗುವಂತಿದ್ದರೆ ನಾವು ಈ ಲೇಖನವನ್ನು ಬರೆಯುವ ಅಗತ್ಯವೇ ಇರುತ್ತಿರಲಿಲ್ಲ. ಆದರೆ ವ್ಯಾಪಾರದಲ್ಲಿ ಹಾಗಾಗುವುದು ಅಪರೂಪ. ಮೊದಲು 60 ಬೆಂಚುಗಳು ಸಿದ್ಧವಾಗುತ್ತವೆ, ಅವು ಹೋಗುತ್ತವೆ. ಅನಂತರ ಉಳಿದ 40 ಹೋಗುತ್ತವೆ. ಬೀರುಗಳಿಗೆ ಬಣ್ಣ ಬಳಿಯುವುದು ಇನ್ನೂ ನಡೆದಿರುತ್ತದೆ.

ಈ ಹಂತದಲ್ಲಿ ಕಾರ್ಖಾನೆಯ ಮಾಲೀಕರು, "ಕಾಲೇಜಿನ ಆರ್ಡರು ಎಲ್ಲಿಗೆ ಬಂತು?" ಎಂದು ಕೇಳುತ್ತಾರೆ. "ಮುಗಿದ ಹಾಗೇ ಸರಿ, ನೂರಹತ್ತರಲ್ಲಿ ನೂರು ಹೋಗಿವೆ" ಎಂದು ಗೋದಾಮಿನವನು ಹೇಳುತ್ತಾನೆ. "ಮೂರರಲ್ಲಿ ಒಂದು ಪಾಲು ಹಣಕ್ಕೆ ಇನ್ನೂ ಬಿಲ್ಲೇ ಆಗಿಲ್ಲ" ಎಂದು ಲೆಕ್ಕದ ಗುಮಾಸ್ತ ಹೇಳುತ್ತಾನೆ. ಇಬ್ಬರ ಮಾತೂ ನಿಜವೇ. ಎಣಿಕೆಯಲ್ಲಿ ಶೇಕಡಾ 90.9ರಷ್ಟು ಸರಕು ರವಾನೆಯಾಗಿದೆ. ಬೆಲೆಯಲ್ಲಿ ಶೇಕಡಾ 66.7ರಷ್ಟು ಮಾತ್ರ ಬಿಲ್ಲಾಗಿದೆ. ಒಂದೇ ಆರ್ಡರಿಗೆ ಎರಡು ಬಾಕಿಗಳಿವೆ ಎಂಬುದೂ ಅವೆರಡೂ ಬೇರೆ ಬೇರೆ ಅಳತೆಗೋಲಿನವು ಎಂಬುದೂ ಇದರಿಂದ ತಿಳಿದುಬರುತ್ತದೆ.

ಹಳೆಯ ಕಿರ್ದಿ, ಖಾತೆಗಳಲ್ಲಿ ಈ ಬಾಕಿಗಳಿಗೆ ಸ್ಥಳವಿರಲಿಲ್ಲ. ಲೂಕಾ ಪಾಚಿಯೊಲಿ ಎಂಬ ಇಟಲಿಯ ಗಣಿತಜ್ಞನು 1494ರಲ್ಲಿ ವೆನಿಸ್ ನಗರದಲ್ಲಿ ಅಚ್ಚು ಹಾಕಿಸಿದ ಗ್ರಂಥದಲ್ಲಿ ಜೋಡಿ ನಮೂದಿನ ಲೆಕ್ಕದ ಪದ್ಧತಿಯನ್ನು ವಿವರಿಸಿದನು. ಆ ಪದ್ಧತಿಯು ನಡೆದುಹೋದ ಕೊಡುಕೊಳ್ಳುವಿಕೆಯನ್ನು ಬರೆದಿಡುತ್ತದೆ. ಆರ್ಡರಾದರೋ ಮುಂದೆ ನಡೆಯಬೇಕಾದುದರ ಮಾತು ಮಾತ್ರ. ಅದು ಬಂದ ಮಾತ್ರಕ್ಕೆ ಜಮೆಯೂ ಇಲ್ಲ, ಖರ್ಚೂ ಇಲ್ಲ. ಇಂದಿನ ತಂತ್ರಾಂಶಗಳಲ್ಲಿಯೂ ಆರ್ಡರನ್ನು ದಾಖಲಿಸಿದಾಗ ಖಾತೆಯ ಒಂದು ಅಂಕಿಯೂ ಅಲುಗಾಡುವುದಿಲ್ಲ. ಆದುದರಿಂದಲೇ ಅಂಗಡಿಗಳಲ್ಲಿ ಆರ್ಡರಿಗೆಂದು ಬೇರೊಂದು ಪುಸ್ತಕವನ್ನಿಟ್ಟು, ಸರಕು ಹೋದಂತೆಲ್ಲ ಕೆಂಪು ಸೀಸದಕಡ್ಡಿಯಿಂದ ಗುರುತು ಹಾಕುತ್ತಿದ್ದರು. ಗುರುತು ಹಾಕಲು ಮರೆತ ದಿನ ಪುಸ್ತಕವೊಂದು, ಗೋದಾಮೊಂದು.

ಇಂಥ ಕೆಲಸಕ್ಕೆ ಗಣಕಯಂತ್ರವನ್ನು ಹೂಡಿದವರಲ್ಲಿ ಮೊದಲಿಗರು ಲಂಡನ್ನಿನ ಜೆ. ಲಯನ್ಸ್ ಕಂಪನಿಯವರು. ಅವರದು ಚಹಾದಂಗಡಿಗಳ ಉದ್ಯಮ! ಅವರು ತಾವೇ ನಿರ್ಮಿಸಿದ 'ಲಿಯೋ' ಯಂತ್ರವು 1951ರಲ್ಲಿ ಬೇಕರಿಯ ಲೆಕ್ಕವನ್ನು ಆರಂಭಿಸಿತು. 1954ರಿಂದ ಚಹಾದಂಗಡಿಗಳ ಆರ್ಡರುಗಳನ್ನೂ ಸಂಸ್ಕರಿಸತೊಡಗಿತು. ಅಂಗಡಿಗಳ ಮೇಲ್ವಿಚಾರಕಿಯರು ಮರುದಿನ ಬೇಕಾದ ಪದಾರ್ಥಗಳ ವ್ಯತ್ಯಾಸವನ್ನು ದೂರವಾಣಿಯಲ್ಲಿ ತಿಳಿಸುತ್ತಿದ್ದರು.

ನಮ್ಮ ದೇಶದ ಎರಡು ತಂತ್ರಾಂಶಗಳನ್ನು ಉದಾಹರಣೆಗೆ ತೆಗೆದುಕೊಳ್ಳೋಣ. ಒಂದು, 1986ರಲ್ಲಿ ಆರಂಭವಾಗಿ ಈಗ ಬೆಂಗಳೂರಿನಲ್ಲಿ ನೆಲೆಸಿರುವ ಸಂಸ್ಥೆಯ 'ಟ್ಯಾಲಿ'. ಇನ್ನೊಂದು, ಮುಂಬಯಿಯ ಫ್ರಾಪೆ ಸಂಸ್ಥೆಯ 'ಇಆರ್‌ಪಿನೆಕ್ಸ್ಟ್'. ಎರಡನೆಯದರ ಮೂಲ ಬರಹವನ್ನು ಯಾರು ಬೇಕಾದರೂ ಓದಬಹುದಾದುದರಿಂದ, ಅದು ಬಾಕಿಯನ್ನು ಎಣಿಸುವ ಬಗೆಯನ್ನು ವಿದ್ಯಾರ್ಥಿಗಳು ತಾವೇ ಪರೀಕ್ಷಿಸಿ ನೋಡುವುದು ಸಾಧ್ಯ.

ಕೆಂಪು ಗುರುತಿನ ಪುಸ್ತಕಕ್ಕೂ ಇದಕ್ಕೂ ಇರುವ ಮುಖ್ಯ ಭೇದವೇನೆಂದರೆ, ಇಲ್ಲಿ "ಇಷ್ಟು ಹೋಗಿದೆ" ಎಂಬುದನ್ನು ಯಾರೂ ಬರೆಯುವುದಿಲ್ಲ. ಆರ್ಡರಿನ ಪ್ರತಿ ಸಾಲಿಗೂ ಒಂದು ಗುರುತಿನ ಸಂಖ್ಯೆ ಇರುತ್ತದೆ. ರವಾನೆಯ ಚಲನ್ ಬರೆದಾಗ ಚಲನಿನ ಸಾಲು ಆ ಸಂಖ್ಯೆಯನ್ನು ತನ್ನೊಡನೆ ಹೊತ್ತಿರುತ್ತದೆ. ಬಿಲ್ಲಿನ ಸಾಲೂ ಹಾಗೆಯೇ. ಚಲನ್ ಅಥವಾ ಬಿಲ್ಲು ಅಂತಿಮವಾದಾಗಲೆಲ್ಲ ತಂತ್ರಾಂಶವು ಆ ಸಂಖ್ಯೆಯುಳ್ಳ ಸಿಂಧುವಾದ ಸಾಲುಗಳನ್ನು ಹುಡುಕಿ ಮೊದಲಿನಿಂದ ಕೂಡಿಸುತ್ತದೆ. ನಿನ್ನೆಯ ಮೊತ್ತಕ್ಕೆ ಇಂದಿನದನ್ನು ಸೇರಿಸುವುದಲ್ಲ, ಪ್ರತಿ ಸಲವೂ ಹೊಸದಾಗಿ ಎಣಿಸುವುದು! ಇದು ದಡ್ಡತನವೆಂದು ತೋರಬಹುದು. ಆದರೆ ಗುಮಾಸ್ತನು ತಪ್ಪಾದ ಬಿಲ್ಲೊಂದನ್ನು ರದ್ದುಮಾಡಿದಾಗ ಇದರ ಜಾಣತನ ಗೊತ್ತಾಗುತ್ತದೆ. ರದ್ದಾದ ಬಿಲ್ಲು ಮರುಎಣಿಕೆಯಲ್ಲಿ ಸಿಕ್ಕುವುದಿಲ್ಲ. ಬಾಕಿ ತಾನಾಗಿಯೇ ಸರಿಹೋಗುತ್ತದೆ.

ಈ ಎಣಿಕೆಯಲ್ಲಿ ಒಂದು ಸೂಕ್ಷ್ಮವಿದೆ. ಅದು ನಮಗೆ ಬಹಳ ಹಿಡಿಸಿತು. ಗೋದಾಮಿನವನು ಕೈತಪ್ಪಿ 100ಕ್ಕೆ ಬದಲು 102 ಬೆಂಚುಗಳನ್ನೂ 8 ಬೀರುಗಳನ್ನೂ ಕಳುಹಿಸಿದನೆನ್ನಿ. ಒಟ್ಟು 110! ಆರ್ಡರೂ 110. ಸುಮ್ಮನೆ ಕೂಡಿ ಭಾಗಿಸಿದರೆ ಶೇಕಡಾ 100 ಆಗಿ, ಆರ್ಡರು ಮುಗಿದವುಗಳ ಪಟ್ಟಿಗೆ ಸೇರಿಹೋಗುತ್ತದೆ. ಎರಡು ಬೀರುಗಳನ್ನು ಕೇಳುವವರೇ ಇಲ್ಲವಾಗುತ್ತಾರೆ. ಆದುದರಿಂದ ಇಆರ್‌ಪಿನೆಕ್ಸ್ಟ್ ಪ್ರತಿ ಸಾಲಿನಲ್ಲಿಯೂ ಬೇಡಿದ್ದು ಮತ್ತು ಕಳುಹಿಸಿದ್ದು ಇವೆರಡರಲ್ಲಿ ಚಿಕ್ಕದನ್ನು ಮಾತ್ರ ಲೆಕ್ಕಕ್ಕೆ ಹಿಡಿಯುತ್ತದೆ. ಬೆಂಚಿನ ಸಾಲಿನಿಂದ 100, ಬೀರುವಿನ ಸಾಲಿನಿಂದ 8; 110ರಲ್ಲಿ 108, ಅಂದರೆ ಶೇಕಡಾ 98.2. ಒಂದು ಸಾಲಿನ ಹೆಚ್ಚಳವು ಇನ್ನೊಂದರ ಕೊರತೆಯನ್ನು ಮುಚ್ಚಲಾರದು. ಬಿಲ್ಲಿನ ಶೇಕಡಾವಾರಿಗೂ ಇದೇ ನಿಯಮ. ಅಲ್ಲಿ ಎಣಿಕೆಯ ಬದಲು ಬೆಲೆಯನ್ನು ಹಿಡಿಯುತ್ತಾರೆ.

ಎರಡು ಶೇಕಡಾವಾರುಗಳು ದೊರೆತ ಮೇಲೆ ಆರ್ಡರಿನ ಸ್ಥಿತಿಯನ್ನು ಹೆಸರಿಸುವುದು ಸುಲಭ. ಎರಡೂ ನೂರಕ್ಕಿಂತ ಕಡಮೆಯಿದ್ದರೆ ಸರಕೂ ಬಾಕಿ, ಬಿಲ್ಲೂ ಬಾಕಿ. ರವಾನೆ ಪೂರ್ತಿಯಾಗಿದ್ದರೆ ಬಿಲ್ಲು ಮಾತ್ರ ಬಾಕಿ. ಬಿಲ್ಲು ಪೂರ್ತಿಯಾಗಿದ್ದರೆ ಸರಕು ಮಾತ್ರ ಬಾಕಿ. ಎರಡೂ ನೂರಾದರೆ ಆರ್ಡರು ಮುಗಿಯಿತು. ಟ್ಯಾಲಿಯಲ್ಲಿ ಬಾಕಿ ಬಿಲ್ಲುಗಳ ವರದಿಯೊಂದಿದೆ. ಸರಕು ಹೋಗಿ ಬಿಲ್ಲಾಗದವು, ಬಿಲ್ಲಾಗಿ ಸರಕು ಹೋಗದವು ಎಂದು ಅದರಲ್ಲಿ ಎರಡು ಭಾಗಗಳು. ಮೊದಲನೆಯ ಭಾಗದಲ್ಲಿರುವುದು ಮಾಲೀಕರು ಇನ್ನೂ ಕೇಳದ ಹಣ. ಎರಡನೆಯದರಲ್ಲಿರುವುದು ಗಿರಾಕಿಗೆ ಇನ್ನೂ ಸಲ್ಲಬೇಕಾದ ಸರಕು. ಅದಕ್ಕೆ ತೆರಿಗೆಯನ್ನು ಕಟ್ಟಿಯೂ ಆಗಿರಬಹುದು.

ಸರಕಿನೊಡನೆಯೇ ಬಿಲ್ಲು ಹೋಗಬೇಕಲ್ಲವೆ ಎಂದು ವಾಚಕರು ಕೇಳಬಹುದು. ನಿಜ. 2017ರ ಜುಲೈ 1ರಿಂದ ಜಾರಿಯಲ್ಲಿರುವ ಸರಕು ಮತ್ತು ಸೇವಾ ತೆರಿಗೆಯ ಕಾಯಿದೆಯ ಪ್ರಕಾರ, ಸಾಗಿಸಿ ಮಾರುವ ಸರಕಿಗೆ ಅದು ಹೊರಡುವ ಮುಂಚೆ ಅಥವಾ ಹೊರಡುವಾಗಲೇ ಬಿಲ್ಲಾಗಬೇಕು. ಆದರೂ ಒಪ್ಪಿಗೆಯಾದರೆ ಮಾತ್ರ ಕೊಳ್ಳುವ ಷರತ್ತಿನ ಮೇಲೆ ಕಳುಹಿಸಿದ ಸರಕಿಗೆ ಗರಿಷ್ಠ ಆರು ತಿಂಗಳ ಅವಕಾಶವುಂಟು. ಬಿಲ್ಲನ್ನು ಮುಂಚಿತವಾಗಿ ಬರೆದು ಸರಕನ್ನು ತಡವಾಗಿ ಕಳುಹಿಸುವುದಂತೂ ದಿನನಿತ್ಯದ ಸಂಗತಿ.

ಈ ಏರ್ಪಾಡಿನ ಬಲಹೀನತೆಯೂ ಗುರುತಿನ ಸಂಖ್ಯೆಯಲ್ಲಿಯೇ ಇದೆ. ಅವಸರದಲ್ಲಿ ಗುಮಾಸ್ತನು ಚಲನನ್ನು ಹಿಡಿಯದೆ ಹೊಸದಾಗಿ ಬಿಲ್ಲು ಬರೆದುಬಿಟ್ಟನೆನ್ನಿ. ಬಿಲ್ಲು ಸರಿಯಾಗಿದೆ, ಮೊತ್ತ ಸರಿಯಾಗಿದೆ, ಗಿರಾಕಿ ಹಣವನ್ನೂ ಕೊಡುತ್ತಾನೆ. ಆದರೆ ಕೊಂಡಿ ತಪ್ಪಿಹೋಗಿದೆ. ಟ್ಯಾಲಿಯಲ್ಲಿ ಹೀಗಾದಾಗ ಚಲನಿನಿಂದ ಒಮ್ಮೆ, ಬಿಲ್ಲಿನಿಂದ ಮತ್ತೊಮ್ಮೆ, ಹೀಗೆ ದಾಸ್ತಾನು ಎರಡು ಸಲ ಇಳಿಯುತ್ತದೆ. ಚಲನು "ಬಿಲ್ಲಾಗದವು" ಎಂಬ ಭಾಗದಲ್ಲಿಯೇ ಕುಳಿತಿರುತ್ತದೆ. ಅದನ್ನು ನೋಡಿದ ಬೇರೊಬ್ಬ ಗುಮಾಸ್ತನು ಅದೇ ಸರಕಿಗೆ ಎರಡನೆಯ ಬಿಲ್ಲನ್ನೂ ಕಳುಹಿಸಿಬಿಡಬಹುದು. ಯಂತ್ರದ ಎಣಿಕೆಯಲ್ಲಿ ತಪ್ಪಿಲ್ಲ. ಅದಕ್ಕೆ ಕಾಣುವಂತೆ ಬರೆದುದನ್ನಷ್ಟೇ ಅದು ಎಣಿಸಿದೆ.

ಇನ್ನೊಂದು ಭ್ರಮೆಯನ್ನೂ ಇಲ್ಲಿ ನಿವಾರಿಸಬೇಕು. ತಂತ್ರಾಂಶವು "ಡೆಲಿವರಿ ಆಯಿತು" ಎಂದರೆ, ಸಾಮಾನ್ಯವಾಗಿ ಸರಕು ಗೋದಾಮನ್ನು ಬಿಟ್ಟಿತು ಎಂದಷ್ಟೇ ಅರ್ಥ. ಅದು ಗದಗನ್ನು ಮುಟ್ಟಿತೆಂಬುದಕ್ಕೆ ಕಾಲೇಜಿನವರು ಸಹಿ ಹಾಕಿ ಹಿಂದಿರುಗಿಸಿದ ಚಲನಿನ ಪ್ರತಿಯೇ ಆಧಾರ. ಸಣ್ಣ ಕಾರ್ಖಾನೆಗೆ ಈ ಕಾಗದದ ಬೆಲೆ ದೊಡ್ಡದು. 2006ರ ಸೂಕ್ಷ್ಮ, ಸಣ್ಣ ಮತ್ತು ಮಧ್ಯಮ ಉದ್ಯಮಗಳ ಅಭಿವೃದ್ಧಿ ಕಾಯಿದೆಯ ಪ್ರಕಾರ, ಇಂಥ ಕಾರ್ಖಾನೆಯಿಂದ ಕೊಂಡವರು ಒಪ್ಪಂದದ ಗಡುವಿನೊಳಗೆ ಹಣ ಕೊಡಬೇಕು. ಆ ಗಡುವು 45 ದಿನಗಳನ್ನು ಮೀರುವಂತಿಲ್ಲ. ಮೀರಿದರೆ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ. ದಿನಗಳ ಎಣಿಕೆ ಸರಕನ್ನು ಒಪ್ಪಿಕೊಂಡ ದಿನದಿಂದ ಮೊದಲಾಗುತ್ತದೆ, ಬಿಲ್ಲಿನ ಮೇಲಿರುವ ತಾರೀಖಿನಿಂದಲ್ಲ. ಆದಕಾರಣ ಬುದ್ಧಿವಂತರಾದ ಗುಮಾಸ್ತರು ಸಹಿಯಾದ ಚಲನಿನ ಚಿತ್ರವನ್ನು ತಂತ್ರಾಂಶದ ಚಲನಿಗೇ ಲಗತ್ತಿಸಿಡುತ್ತಾರೆ.

ನಮ್ಮ ಕಾಲೇಜಿಗೆ ಇನ್ನೂ ಎರಡು ಬೀರುಗಳು ಹೋಗಬೇಕಾಗಿದ್ದವು. ಅಷ್ಟರಲ್ಲಿ ಪ್ರಾಂಶುಪಾಲರು, "ಎಂಟೇ ಸಾಕು, ಕೋಣೆಯಲ್ಲಿ ಸ್ಥಳವಿಲ್ಲ" ಎಂದು ಪತ್ರ ಬರೆಯುತ್ತಾರೆ. ಈಗ ಬಿಲ್ಲು ಶೇಕಡಾ 93.3ರಲ್ಲಿ ನಿಂತಿದೆ, ರವಾನೆ 98.2ರಲ್ಲಿ. ಎಷ್ಟು ಸಲ ಕೂಡಿಸಿದರೂ ಅವು ನೂರನ್ನು ಮುಟ್ಟುವುದಿಲ್ಲ. ಆರ್ಡರು ಬಾಕಿಯ ಪಟ್ಟಿಯಲ್ಲಿ ವರ್ಷಗಟ್ಟಲೆ ಉಳಿದೀತು. ಈ ಸಂದರ್ಭಕ್ಕೆಂದೇ ಎರಡು ತಂತ್ರಾಂಶಗಳಲ್ಲಿಯೂ ಆರ್ಡರನ್ನು ಅರ್ಧದಲ್ಲಿ ಮುಚ್ಚುವ ಅವಕಾಶವಿದೆ. ಮೇಲೆ ಹೇಳಿದ ಸ್ಥಿತಿಗಳನ್ನು ಯಂತ್ರವೇ ಲೆಕ್ಕಹಾಕಿ ತಿಳಿಸುತ್ತದೆ. ಇದನ್ನಾದರೋ ಮನುಷ್ಯನೇ ತೀರ್ಮಾನಿಸಿ ಒತ್ತಬೇಕು. ಮುಂದಿನ ವರ್ಷ ಪ್ರಾಂಶುಪಾಲರಿಗೆ ಸ್ಥಳ ದೊರೆತು ಮನಸ್ಸು ಬದಲಾಯಿಸಿದರೆ, ಇಆರ್‌ಪಿನೆಕ್ಸ್ಟ್‌ನಲ್ಲಿ ಮುಚ್ಚಿದ ಆರ್ಡರನ್ನು ಮತ್ತೆ ತೆರೆಯಬಹುದು. ಆಗ ಎರಡು ಬೀರುಗಳು ಪುನಃ ಬಾಕಿಯ ಪಟ್ಟಿಗೆ ಬರುತ್ತವೆ.