ಡಾಲ್ಫಿನ್‌ಗೂ ವೈರಸ್ ಕಾಯಿಲೆ ಬರುತ್ತದೆಯೇ?

ಪ್ರಶ್ನೆ: ಕಾರವಾರದ ಕಡಲಲ್ಲಿ ಡಾಲ್ಫಿನ್ ನೋಡಿ ಬಂದೆವು. ಉಪ್ಪುನೀರಲ್ಲೇ ಇರುವ ಅವಕ್ಕೂ ವೈರಸ್ ತಗಲುತ್ತದೆಯೇ?
(ಓದುಗರೊಬ್ಬರು, ದೀಪಾಂಜಲಿ ನಗರ, ಬೆಂಗಳೂರು)

ಉತ್ತರ: ತಗಲುತ್ತದೆ, ಸಾವಿರಗಟ್ಟಲೆ ಸಾಯುವಷ್ಟು ಜೋರಾಗಿ. ಡಾಲ್ಫಿನ್ ಮೀನಲ್ಲ, ಮರಿಗೆ ಹಾಲೂಡಿಸುವ, ಶ್ವಾಸಕೋಶದಿಂದ ಉಸಿರಾಡುವ ಪ್ರಾಣಿ. ಗುಂಪಾಗಿ ಈಜುವ ಇವು ಒಟ್ಟೊಟ್ಟಿಗೆ ಮೇಲೆದ್ದು, ನೆತ್ತಿಯ ಮೇಲಿನ ರಂಧ್ರದಿಂದ ಬುಸ್ಸೆಂದು ಉಸಿರು ಬಿಡುತ್ತವೆ. ಆ ತುಂತುರಿನಲ್ಲಿ ವೈರಸ್ ಇದ್ದರೆ ಪಕ್ಕದ ಡಾಲ್ಫಿನ್ ಅದನ್ನೇ ಒಳಗೆಳೆದುಕೊಳ್ಳುತ್ತದೆ.

ಡಾಲ್ಫಿನ್‌ಗೆ ತಗಲುವ ವೈರಸ್‌ಗಳಲ್ಲಿ ಅತ್ಯಂತ ಘೋರವಾದದ್ದು ಮಾರ್ಬಿಲಿವೈರಸ್. ನ್ಯುಮೋನಿಯಾ ಬರುತ್ತದೆ, ಮಿದುಳು ಉರಿಯೂತಕ್ಕೆ ಸಿಕ್ಕುತ್ತದೆ, ರೋಗನಿರೋಧಕ ಶಕ್ತಿ ಕುಸಿಯುತ್ತದೆ. 2013ರಿಂದ 2015ರವರೆಗೆ ಅಮೆರಿಕದ ಅಟ್ಲಾಂಟಿಕ್ ಕರಾವಳಿಯಲ್ಲಿ 1,600ಕ್ಕೂ ಹೆಚ್ಚು ಡಾಲ್ಫಿನ್‌ಗಳು ದಡಕ್ಕೆ ಬಿದ್ದವು, ಬಹುಪಾಲು ಸತ್ತೇ. 1988ರಲ್ಲಿ ಇದರದೇ ಸೋದರ ವೈರಸ್ ಉತ್ತರ ಯುರೋಪಿನಲ್ಲಿ ಸುಮಾರು 18,000 ಸೀಲ್‌ಗಳನ್ನು ಬಲಿ ತೆಗೆದುಕೊಂಡಿತ್ತು.

ಮಾರ್ಬಿಲಿವೈರಸ್ ಕುಲ ನಮಗೆ ಹೊಸದಲ್ಲ. ಮಕ್ಕಳ ದಡಾರ, ನಾಯಿಗಳ ಡಿಸ್ಟೆಂಪರ್, ಕುರಿ ಮೇಕೆಗಳ ಪಿಪಿಆರ್, ಹಿಂದೆ ದನದ ಕೊಟ್ಟಿಗೆಗಳನ್ನೇ ಬರಿದು ಮಾಡುತ್ತಿದ್ದ ದೊಡ್ಡರೋಗ, ಎಲ್ಲಕ್ಕೂ ಇದೇ ಕುಲದ ವೈರಸ್‌ಗಳೇ ಕಾರಣ. ಲಸಿಕೆಯ ಬಲದಿಂದ ದೊಡ್ಡರೋಗ ನಿರ್ಮೂಲವಾಯಿತೆಂದು 2011ರಲ್ಲಿ ಘೋಷಿಸಲಾಯಿತು. ತೆರೆದ ಕಡಲಿನ ಡಾಲ್ಫಿನ್‌ಗಳಿಗೆ ಹಾಗೆ ಸಾಲಾಗಿ ಲಸಿಕೆ ಹಾಕಲಾಗದು ಎಂಬುದೇ ಸಂಕಟದ ಸಂಗತಿ.

ಕಾರವಾರದಲ್ಲಿ ಕಾಳಿ ನದಿಯ ಅಳಿವೆಯ ಬಳಿ ಕಾಣಸಿಗುವುದು ಗೂನುಬೆನ್ನಿನ ಡಾಲ್ಫಿನ್. ಸತ್ತ ಡಾಲ್ಫಿನ್ ದಡಕ್ಕೆ ಬಂದಾಗ ಬಲೆ, ದೋಣಿಗಳ ಮೇಲೆ ಮೊದಲು ಅನುಮಾನ ಹೋಗುವುದು ಸಹಜ. ಆದರೆ ಕಾರಣ ವೈರಸ್ಸೂ ಇರಬಹುದು; ದೇಹ ಕೊಳೆತಂತೆ ಅದರ ಗುರುತೂ ಅಳಿಯುತ್ತದೆ. ಕಂಡವರು ಅದನ್ನು ಮುಟ್ಟದೆ, ಹೂಳದೆ, ಕೂಡಲೇ ಅರಣ್ಯ ಇಲಾಖೆಗೆ ತಿಳಿಸಿದರೆ ಪಶುವೈದ್ಯರಿಗೆ ಪರೀಕ್ಷೆಗೆ ಯೋಗ್ಯವಾದ ಮಾದರಿ ಸಿಕ್ಕೀತು.