ಬ್ಯಾಟರಿ ಬದಲಿಸುವ ಮೊದಲು ಫ್ಯಾನ್ ಬೆಲ್ಟ್ ನೋಡಿ: ಹಳೇ ಓಮ್ನಿ, ಮಾರುತಿ 800 ಇಟ್ಟುಕೊಂಡವರಿಗೆ ಗೊತ್ತಿರಬೇಕಾದ ಸಂಗತಿ

ತೀರ್ಥಹಳ್ಳಿ: ಮಳೆಗಾಲದ ಬೆಳಗ್ಗೆ ಪೇಟೆಯಲ್ಲಿ ಹಳೇ ಓಮ್ನಿ, ಮಾರುತಿ 800 ಸ್ಟಾರ್ಟ್ ಮಾಡುವಾಗ ಕೇಳುವ ‘ಕೀಂಯ್’ ಎಂಬ ಕಿರುಚಾಟ ಎಲ್ಲರಿಗೂ ಪರಿಚಯ. ಅರ್ಧ ನಿಮಿಷ ಕಿರುಚಿ ಸುಮ್ಮನಾಗುತ್ತದೆ. ‘ಮಳೆಗೆ ಹಂಗೇ ಬಿಡು’ ಎಂದು ಮಾಲೀಕರೂ ಸುಮ್ಮನಾಗುತ್ತಾರೆ. ಒಂದೆರಡು ತಿಂಗಳ ಮೇಲೆ ಸರಿಯಾಗಿ ಸಂತೆ ದಿನವೇ ಸೆಲ್ಫ್ ‘ಟಕ್ ಟಕ್’ ಎನ್ನುತ್ತದೆ, ಗಾಡಿ ಏಳುವುದಿಲ್ಲ. ನಾಲ್ಕು ಜನ ಸೇರಿ ತಳ್ಳುತ್ತಾರೆ. ಬ್ಯಾಟರಿ ಹೋಯ್ತು ಅಂತ ತೀರ್ಮಾನವಾಗಿ, ಕೆಲವು ಸಾವಿರ ಕೊಟ್ಟು ಹೊಸದು ಹಾಕಿಸುತ್ತಾರೆ. ಮೂರು ತಿಂಗಳಿಗೆ ಅದೂ ಡೌನ್. ವಾರಂಟಿ ಕಾರ್ಡ್ ಹಿಡಿದು ಅಂಗಡಿಗೆ ಹೋದರೆ ಚಾರ್ಜ್ ಮಾಡಿ ನೋಡಿ, ‘ಬ್ಯಾಟರಿ ಸರಿ ಇದೆಯಲ್ಲ’ ಅಂತ ವಾಪಸ್ ಕೊಡುತ್ತಾರೆ. ಅವರು ಹೇಳುವುದು ಸುಳ್ಳಲ್ಲ.

ತಕರಾರು ಇರುವುದು ಬ್ಯಾಟರಿಯನ್ನು ತುಂಬಿಸುವ ಕಡೆ. ಎಷ್ಟೋ ಸಲ ಅದಕ್ಕೆ ಕಾರಣ ಕೆಲವೇ ನೂರು ರೂಪಾಯಿಯ ಒಂದು ರಬ್ಬರ್ ಬೆಲ್ಟ್.

ಗಾಡಿ ಓಡುವಾಗ ಕರೆಂಟ್ ತಯಾರಿಸುವುದು ಆಲ್ಟರ್ನೇಟರ್. ಹಳೇ ಮೆಕ್ಯಾನಿಕ್‌ಗಳು ಇವತ್ತಿಗೂ ಅದನ್ನು ಡೈನಮೋ ಅಂತಲೇ ಕರೆಯುತ್ತಾರೆ. ಎಂಜಿನ್ನಿನ ಪುಲ್ಲಿಯಿಂದ ಅದನ್ನು ತಿರುಗಿಸುವುದು ಫ್ಯಾನ್ ಬೆಲ್ಟ್. ಅಂಬಾಸಿಡರ್, ಜೀಪಿನ ಕಾಲದಲ್ಲಿ ರೇಡಿಯೇಟರ್ ಫ್ಯಾನನ್ನೂ ಇದೇ ತಿರುಗಿಸುತ್ತಿದ್ದರಿಂದ ಆ ಹೆಸರು. ಓಮ್ನಿ, 800ರಲ್ಲಿ ಫ್ಯಾನ್ ಕರೆಂಟಿನದ್ದು. ಹೆಸರು ಮಾತ್ರ ಉಳಿದಿದೆ. ಆದರೆ ವಾಟರ್ ಪಂಪ್ ತಿರುಗುವುದು ಈ ಬೆಲ್ಟಿನಿಂದಲೇ. ಈ ಮಾತನ್ನು ನೆನಪಿಟ್ಟುಕೊಳ್ಳಬೇಕು.

ಬೆಳಗ್ಗೆ ಮಾತ್ರ ಕಿರುಚುವುದಕ್ಕೂ ಕಾರಣವಿದೆ. ಸೆಲ್ಫ್ ಹೊಡೆದಾಗ ಬ್ಯಾಟರಿಯಿಂದ ದೊಡ್ಡ ಪ್ರಮಾಣದ ಕರೆಂಟ್ ಹೋಗಿರುತ್ತದೆ. ಅದನ್ನು ತುಂಬಿಸಲು ಆಲ್ಟರ್ನೇಟರ್ ಜೋರಾಗಿ ದುಡಿಯಬೇಕು, ಆಗ ಅದು ತಿರುಗಿಸಲು ಭಾರ. ಸಡಿಲ ಬೆಲ್ಟು, ಮೇಲೆ ರಾತ್ರಿಯ ತೇವ: ಎರಡೂ ಸೇರಿ ಜಾರುತ್ತದೆ. ಸ್ವಲ್ಪ ಹೊತ್ತಿಗೆ ಭಾರ ಇಳಿದು, ತೇವ ಆರಿ ಶಬ್ದ ನಿಲ್ಲುತ್ತದೆ. ಹೆಡ್‌ಲೈಟ್, ವೈಪರ್, ಬ್ಲೋವರ್ ಒಟ್ಟಿಗೆ ಹಾಕಿದಾಗ ಮತ್ತೆ ಕಿರುಚಿದರೆ ಅನುಮಾನವೇ ಬೇಡ. ಪೂರ್ತಿ ಸವೆದು ನುಣ್ಣಗಾದ ಬೆಲ್ಟು ಶಬ್ದವನ್ನೇ ಮಾಡದೆ ಜಾರುವುದೂ ಉಂಟು.

ಕಣ್ಣಲ್ಲಿ, ಕೈಯಲ್ಲಿ ನೋಡುವುದು ಹೇಗೆ?

ಮೊದಲು ಎಂಜಿನ್ ಆಫ್ ಮಾಡಿ ಕೀ ತೆಗೆಯಬೇಕು. ಪಂಚೆ, ಸೆರಗು, ಕೊರಳ ಟವೆಲ್ ಬೆಲ್ಟಿಗೆ ಸಿಕ್ಕಿದರೆ ಕೈ ಉಳಿಯುವುದು ಕಷ್ಟ. ಮಾರುತಿ 800ರಲ್ಲಿ ಬಾನೆಟ್ ಎತ್ತಿದರೆ ಸಾಕು. ಓಮ್ನಿಯಲ್ಲಿ ಎಂಜಿನ್ ಮುಂದಿನ ಸೀಟಿನ ಕೆಳಗಿರುವುದರಿಂದ ಬೆಲ್ಟ್ ಕಣ್ಣಿಗೆ ಬೀಳುವುದೇ ಕಡಿಮೆ. ಅದಕ್ಕೇ ಅದು ಹರಿಯುವವರೆಗೂ ಯಾರೂ ನೋಡಿರುವುದಿಲ್ಲ.

ಎರಡು ಪುಲ್ಲಿಗಳ ನಡುವೆ ಹೆಬ್ಬೆರಳಿನಿಂದ ಒತ್ತಿದಾಗ ಬೆಲ್ಟ್ ಅರ್ಧ ಇಂಚಿಗಿಂತ ಹೆಚ್ಚು ತಗ್ಗಿದರೆ ಸಡಿಲವಾಗಿದೆ ಎಂದರ್ಥ. ಆಲ್ಟರ್ನೇಟರ್‌ನ ಬೋಲ್ಟ್ ಸಡಿಲಿಸಿ, ಅದನ್ನು ಹೊರಕ್ಕೆ ಎಳೆದು ಟೈಟ್ ಮಾಡಬಹುದು. ಹಾಗಂತ ತಂತಿಯ ಹಾಗೆ ಬಿಗಿದರೆ ವಾಟರ್ ಪಂಪ್ ಮತ್ತು ಆಲ್ಟರ್ನೇಟರ್‌ನ ಬೇರಿಂಗ್ ಹೋಗುತ್ತದೆ. ಆ ಖರ್ಚು ಬೇರೆಯೇ.

ಎಷ್ಟು ಟೈಟ್ ಮಾಡಿದರೂ ಜಾರುವ ಬೆಲ್ಟುಗಳಿವೆ. ಈ ಬೆಲ್ಟ್ ಪುಲ್ಲಿಯನ್ನು ಹಿಡಿಯುವುದು ಎರಡು ಪಕ್ಕಗಳಿಂದ, ಅಡಿಯಿಂದಲ್ಲ. ಪಕ್ಕ ಸವೆದ ಬೆಲ್ಟ್ ಕಾಲುವೆಯ ತಳಕ್ಕೆ ಇಳಿದು ಕೂರುತ್ತದೆ, ಹಿಡಿತ ಹೋಗುತ್ತದೆ. ಪುಲ್ಲಿಯ ತಳ ಬೆಳ್ಳಿಯಂತೆ ಹೊಳೆಯುತ್ತಿದ್ದರೆ, ಬೆಲ್ಟಿನ ಪಕ್ಕ ಕನ್ನಡಿಯಂತೆ ಮಿರುಗುತ್ತಿದ್ದರೆ, ಒಳಮೈಯಲ್ಲಿ ಬಿರುಕು ಕಂಡರೆ ಬದಲಿಸುವುದೇ ದಾರಿ. ಆಯಿಲ್ ಕುಡಿದ ಬೆಲ್ಟಿಗೂ ಅಷ್ಟೆ, ಜೊತೆಗೆ ಆಯಿಲ್ ಎಲ್ಲಿಂದ ಸೋರುತ್ತಿದೆ ಅಂತ ಹುಡುಕಬೇಕು. ಕೆಲವರು ಸೋಪು ಉಜ್ಜುತ್ತಾರೆ. ಶಬ್ದ ನಿಲ್ಲುತ್ತದೆ, ಜಾರುವುದು ನಿಲ್ಲುವುದಿಲ್ಲ.

ಶಬ್ದ ಬೆಲ್ಟಿನದೋ ಬೇರಿಂಗಿನದೋ ಗೊತ್ತಾಗದಿದ್ದರೆ, ಎಂಜಿನ್ ಓಡುವಾಗ ದೂರದಿಂದ ಬೆಲ್ಟಿಗೆ ಸ್ವಲ್ಪ ನೀರು ಚಿಮುಕಿಸಬಹುದು. ಶಬ್ದ ಬದಲಾದರೆ ಬೆಲ್ಟು, ಏನೂ ಬದಲಾಗದಿದ್ದರೆ ಬೇರಿಂಗ್ ಕಡೆ ನೋಡಬೇಕು.

ಮಲ್ಟಿಮೀಟರ್ ಸುಳ್ಳು ಹೇಳುವುದಿಲ್ಲ

ಬೆಲ್ಟ್ ಸರಿ ಇದ್ದೂ ಬ್ಯಾಟರಿ ಡೌನ್ ಆಗುತ್ತಿದ್ದರೆ ಮುಂದಿನ ಕೆಲಸ ಮೀಟರಿನದ್ದು. ಯಾವ ಆಟೋ ಎಲೆಕ್ಟ್ರಿಷಿಯನ್ ಬಳಿಯೂ ಇರುತ್ತದೆ. ರಾತ್ರಿಯೆಲ್ಲ ನಿಂತ ಗಾಡಿಯಲ್ಲಿ, ತುಂಬಿದ ಬ್ಯಾಟರಿ ಸುಮಾರು 12.6 ವೋಲ್ಟ್ ತೋರಿಸಬೇಕು. 12ರ ಹತ್ತಿರ ಇದ್ದರೆ ಹೆಚ್ಚುಕಡಿಮೆ ಖಾಲಿ. ಎಂಜಿನ್ ಓಡುವಾಗ ಅದೇ ಬ್ಯಾಟರಿಯಲ್ಲಿ 13.8ರಿಂದ 14.5 ಬರಬೇಕು. ಏರದೇ ಅಲ್ಲೇ ನಿಂತರೆ ಚಾರ್ಜ್ ಆಗುತ್ತಿಲ್ಲ: ಕಾರ್ಬನ್ ಬ್ರಷ್, ಡಯೋಡ್, ರೆಗ್ಯುಲೇಟರ್ ಇವುಗಳಲ್ಲಿ ಒಂದು ಹೋಗಿದೆ. 15 ದಾಟಿದರೆ ರೆಗ್ಯುಲೇಟರ್ ಹಿಡಿತ ತಪ್ಪಿ ಬ್ಯಾಟರಿಯ ನೀರು ಕುದಿದು ಆರುತ್ತದೆ. ಪದೇ ಪದೇ ಡಿಸ್ಟಿಲ್ಡ್ ವಾಟರ್ ಹಾಕುವ ಪರಿಸ್ಥಿತಿ ಬಂದವರು ಇದನ್ನೇ ಮೊದಲು ನೋಡಿಸಬೇಕು.

ಆಲ್ಟರ್ನೇಟರ್ ತುದಿಯಲ್ಲಿ 14.2 ಇದ್ದು ಬ್ಯಾಟರಿಯಲ್ಲಿ 13.2 ಮಾತ್ರ ಬಂದರೆ, ನಡುವೆ ಎಲ್ಲೋ ಸೋರಿಕೆ. ಹಸಿರು ಹಿಡಿದ ಟರ್ಮಿನಲ್, ತುಕ್ಕು ಹಿಡಿದ ಅರ್ಥ್ ವೈರ್ ಮಲೆನಾಡಿನ ಗಾಡಿಗಳಲ್ಲಿ ಮಾಮೂಲು. ಬಿಸಿನೀರು, ಬ್ರಷ್ಷಿನಲ್ಲಿ ಮುಗಿಯುವ ಕೆಲಸಕ್ಕೆ ಆಲ್ಟರ್ನೇಟರ್ ಬಿಚ್ಚಿಸಿದವರೂ ಇದ್ದಾರೆ.

ಡ್ಯಾಶ್‌ಬೋರ್ಡಿನ ಕೆಂಪು ಬ್ಯಾಟರಿ ಲೈಟ್ ಕೀ ತಿರುಗಿಸಿದಾಗ ಹತ್ತಿ, ಸ್ಟಾರ್ಟ್ ಆದ ಮೇಲೆ ಆರಬೇಕು. ಕೀ ಹಾಕಿದಾಗ ಹತ್ತುವುದೇ ಇಲ್ಲ ಎಂದರೂ ತೊಂದರೆಯೇ. ಹಳೇ ಗಾಡಿಗಳಲ್ಲಿ ಆ ಬಲ್ಬಿನ ಮೂಲಕ ಹೋಗುವ ಕರೆಂಟೇ ಆಲ್ಟರ್ನೇಟರನ್ನು ಎಬ್ಬಿಸುತ್ತದೆ. ಬಲ್ಬ್ ಫ್ಯೂಸಾದರೆ ಚಾರ್ಜಿಂಗೂ ನಿಲ್ಲಬಹುದು.

ಎಂಜಿನ್ ಓಡುತ್ತಿರುವಾಗಲೇ ಬ್ಯಾಟರಿ ಟರ್ಮಿನಲ್ ಬಿಚ್ಚಿ, ‘ಗಾಡಿ ನಿಲ್ಲಲಿಲ್ಲ, ಡೈನಮೋ ಸರಿ ಇದೆ’ ಎನ್ನುವ ಪರೀಕ್ಷೆ ಇನ್ನೂ ಚಾಲ್ತಿಯಲ್ಲಿದೆ. ಇದನ್ನು ಮಾಡಲು ಯಾರಿಗೂ ಬಿಡಬಾರದು. ಬ್ಯಾಟರಿಯ ಆಸರೆ ತಪ್ಪಿದ ಕ್ಷಣ ವೋಲ್ಟೇಜ್ ಎಗರಿ ಡಯೋಡ್ ಸುಡಬಹುದು. ಎಂಪಿಎಫ್‌ಐ ಗಾಡಿಯಾದರೆ ಇಸಿಎಂ ಕೂಡ ಹೋದೀತು.

ಎಲ್ಲವೂ ಸರಿ ಇದ್ದೂ ಡೌನ್ ಆಗುವುದು ಅಂಗಡಿ ಗಾಡಿಗಳ ವಿಶೇಷ. ಗೋಡೌನಿನಿಂದ ಅಂಗಡಿಗೆ, ಅಂಗಡಿಯಿಂದ ಮನೆಗೆ ಅಂತ ದಿನಕ್ಕೆ ಹತ್ತು ಸಲ ಸ್ಟಾರ್ಟ್, ಒಂದೊಂದು ಸಲಕ್ಕೆ ಒಂದೇ ಕಿಲೋಮೀಟರ್. ಸೆಲ್ಫ್ ತಿಂದಷ್ಟು ತುಂಬಲೂ ಸಮಯ ಸಿಗುವುದಿಲ್ಲ. ಹೊರಗಿನಿಂದ ಕೂರಿಸಿದ ಮ್ಯೂಸಿಕ್ ಸಿಸ್ಟಂ ನೇರ ಬ್ಯಾಟರಿಗೆ ಜೋಡಿಸಿದ್ದರೆ ರಾತ್ರಿಯೆಲ್ಲ ಅದೂ ಕುಡಿಯುತ್ತಿರುತ್ತದೆ.

ದಾರಿಯಲ್ಲಿ ಕೆಂಪು ಲೈಟ್ ಬಂದರೆ?

ಮೊದಲು ನೋಡಬೇಕಾದ್ದು ಟೆಂಪರೇಚರ್ ಮುಳ್ಳು. ಅದೂ ಏರುತ್ತಿದ್ದರೆ ಬೆಲ್ಟ್ ಹರಿದಿದೆ, ವಾಟರ್ ಪಂಪೂ ನಿಂತಿದೆ. ಆಗುಂಬೆ ಘಾಟಿಯಾಗಲಿ, ಮನೆಗೆ ಎರಡೇ ಕಿಲೋಮೀಟರ್ ಇರಲಿ, ಸುರಕ್ಷಿತ ಜಾಗ ನೋಡಿ ಕೂಡಲೇ ಎಂಜಿನ್ ಆಫ್ ಮಾಡಬೇಕು. ‘ಹೆಂಗಾದ್ರೂ ಮುಟ್ಟಿಸೋಣ’ ಎಂದು ಓಡಿಸಿದರೆ ಹೆಡ್ ಗ್ಯಾಸ್ಕೆಟ್ ಸುಟ್ಟು, ಎಂಜಿನ್ ಬಿಚ್ಚುವ ಖರ್ಚು ಬರುತ್ತದೆ. ಬಿಸಿಯಿದ್ದಾಗ ರೇಡಿಯೇಟರ್ ಮುಚ್ಚಳ ತೆಗೆಯುವಂತಿಲ್ಲ.

ಮುಳ್ಳು ಮಾಮೂಲಿ ಜಾಗದಲ್ಲೇ ಇದ್ದರೆ ಬ್ಯಾಟರಿಯಲ್ಲಿ ಉಳಿದಷ್ಟರಲ್ಲಿ ಸ್ವಲ್ಪ ದೂರ ಹೋಗಬಹುದು. ಎರಡು ಹೆಡ್‌ಲೈಟಿಗೇ ಹತ್ತಿರ ಹತ್ತಿರ 10 ಆಂಪಿಯರ್ ಬೇಕು, ಹಾಗಾಗಿ ಹಗಲಾದರೆ ಅನುಕೂಲ. ಬ್ಲೋವರ್, ಮ್ಯೂಸಿಕ್ ಬಂದ್ ಮಾಡಿ, ನಡುವೆ ಎಲ್ಲೂ ಎಂಜಿನ್ ನಿಲ್ಲಿಸದೆ ಗ್ಯಾರೇಜ್ ಸೇರಬೇಕು. ರಾತ್ರಿ, ಮಳೆ ಎರಡೂ ಇದ್ದರೆ ನಿಂತುಬಿಡುವುದೇ ಮೇಲು. ಲೈಟ್ ಆರಿದ ಗಾಡಿ ತಿರುವಿನಲ್ಲಿ ಎದುರಿನವರಿಗೂ ಕಾಣುವುದಿಲ್ಲ.

ಹೊಸ ಬೆಲ್ಟ್ ಹಾಕಿಸಿದವರು ಕೆಲವು ನೂರು ಕಿಲೋಮೀಟರ್ ಓಡಿದ ಮೇಲೆ ಮತ್ತೊಮ್ಮೆ ಟೈಟ್ ನೋಡಿಸಬೇಕು. ಹೊಸ ರಬ್ಬರ್ ಸ್ವಲ್ಪ ಹಿಗ್ಗುತ್ತದೆ. ಅಳತೆಯ ನಂಬರ್ ಬೆಲ್ಟಿನ ಬೆನ್ನ ಮೇಲೆ ಅಚ್ಚಾಗಿರುತ್ತದೆ. ಸವೆದು ಅಳಿಸುವ ಮುಂಚೆ ಮೊಬೈಲಿನಲ್ಲಿ ಫೋಟೊ ತೆಗೆದಿಟ್ಟುಕೊಂಡರೆ ಯಾವ ಊರಿನ ಸ್ಪೇರ್ ಪಾರ್ಟ್ಸ್ ಅಂಗಡಿಯಲ್ಲೂ ಸರಿಯಾದ್ದನ್ನೇ ಕೇಳಿ ತೆಗೆದುಕೊಳ್ಳಬಹುದು.